ಫ್ರೀಡ್ರಿಶ್‌ನ ‘ಕಡಲತೀರದ ಸನ್ಯಾಸಿ’: ಆ ಮನುಷ್ಯ ಅಷ್ಟು ಚಿಕ್ಕವನಾಗಿ ಕಾಣೋದು ಹೇಗೆ?

ಹಳದಿಮಣ್ಣು:
ರೊಮ್ಯಾಂಟಿಕ್ ಕಾಲದ ಭೂದೃಶ್ಯ ಚಿತ್ರಗಳ ಬಗ್ಗೆ ಓದಲು ಹೋದರೆ ಹೆಚ್ಚಿನ ಬರಹಗಳು ‘ಪ್ರಕೃತಿಯ ಭವ್ಯತೆ, ಮನುಷ್ಯನ ನಶ್ವರತೆ’ ಅನ್ನೋ ಸಾಲಿಗೆ ಬಂದು ನಿಂತುಬಿಡುತ್ತವೆ. ಆದರೆ ದೊಡ್ಡ ಬೆಟ್ಟ ಬರೆದು ಬುಡದಲ್ಲಿ ಸಣ್ಣ ಮನುಷ್ಯನನ್ನು ನಿಲ್ಲಿಸಿದ ಮಾತ್ರಕ್ಕೆ ಸಾವಿನ ನೆನಪು ಬರೋದಿಲ್ಲ, ಕ್ಯಾಲೆಂಡರ್ ಚಿತ್ರ ಆಗುತ್ತೆ ಅಷ್ಟೆ. ಜರ್ಮನ್ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಶ್‌ನ ‘ಕಡಲತೀರದ ಸನ್ಯಾಸಿ’ (1808–10) ಮುಂದೆ ಹಾಗಾಗಲ್ಲ. ಅಲ್ಲಿ ಬೆಟ್ಟವೂ ಇಲ್ಲ, ಬಿರುಗಾಳಿಯೂ ಇಲ್ಲ.

ಎರಡು ಪ್ರಶ್ನೆ. ಒಂದು, ಚಿತ್ರದ ಒಳಗೆ ಯಾವ ಕೆಲಸದಿಂದ ಈ ಪರಿಣಾಮ ಬರುತ್ತಿದೆ? ಎರಡು, ಕಲಿಕೆಗಾಗಿ ಅರ್ಧ ಅಳತೆಯಲ್ಲಿ ಆಯಿಲ್ ಪ್ರತಿ ಮಾಡಬೇಕು ಅನ್ನುವವರು ಹೇಗೆ ಶುರು ಮಾಡಬೇಕು? ಮುಖ್ಯವಾಗಿ ಆಕಾಶ. ಅದರಲ್ಲಿ ಪಟ್ಟೆ ಪಟ್ಟೆ ಬರೋದನ್ನು ತಪ್ಪಿಸೋದು ಹೇಗೆ?

ದಿಗಂತರೇಖೆ:
ಮೊದಲ ಪ್ರಶ್ನೆಗೆ ನನ್ನ ಉತ್ತರ: ಫ್ರೀಡ್ರಿಶ್ ಪ್ರಕೃತಿಯನ್ನು ಹಿಗ್ಗಿಸಲಿಲ್ಲ, ನೋಡುವವನಿಗೂ ದೂರಕ್ಕೂ ನಡುವೆ ಇದ್ದ ದಾರಿಯನ್ನು ಕಿತ್ತುಹಾಕಿದ.

ಅವನಿಗಿಂತ ಹಿಂದಿನ ಭೂದೃಶ್ಯ ಪದ್ಧತಿ ನೋಡಿ. ಮುನ್ನೆಲೆಯಲ್ಲಿ ಕಪ್ಪಗೆ ಒಂದು ಮರ, ಪಕ್ಕದಲ್ಲಿ ಕುರಿ ಕಾಯುವವನು. ನಡುವೆ ಒಂದು ಹೊಳೆ, ಸೇತುವೆ, ಊರು. ಆಮೇಲೆ ನೀಲಿ ಬೆಟ್ಟ. ಕಣ್ಣು ಮೆಟ್ಟಿಲು ಹತ್ತಿದ ಹಾಗೆ ಮುಂದಿನಿಂದ ಹಿಂದಕ್ಕೆ ಹೋಗುತ್ತೆ. ಎಷ್ಟೇ ದೊಡ್ಡ ಬೆಟ್ಟವಾದರೂ ಅಲ್ಲಿಗೆ ನಡೆದು ಹೋಗಬಹುದು ಅನ್ನೋ ಧೈರ್ಯ ಇರುತ್ತೆ. ‘ಸನ್ಯಾಸಿ’ಯಲ್ಲಿ ಇರೋದು ಮೂರೇ: ಬಿಳಿಚಿಕೊಂಡ ಮರಳದಿಣ್ಣೆ, ಕಪ್ಪು ಸಮುದ್ರದ ಸಣ್ಣ ಪಟ್ಟಿ, ಮುಕ್ಕಾಲು ಭಾಗಕ್ಕೂ ಹೆಚ್ಚು ಆಕಾಶ. ನಡುನೆಲೆ ಅನ್ನೋದೇ ಇಲ್ಲ. ದಿಣ್ಣೆ ಮುಗಿದಲ್ಲಿ ಲೋಕ ಮುಗಿಯಿತು.

ಮೂಲದಲ್ಲಿ ಹೀಗಿರಲಿಲ್ಲ ಅನ್ನೋದೇ ಇದರ ಪುರಾವೆ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಬಣ್ಣದ ಕೆಳಗೆ ಹಾಯಿಹಡಗುಗಳ ರೇಖಾಚಿತ್ರ ಕಾಣುತ್ತೆ. ಅವನ್ನು ಅವನೇ ಮುಚ್ಚಿದ. 1809ರಲ್ಲಿ ಅವನ ಸ್ಟುಡಿಯೋಗೆ ಬಂದಿದ್ದ ಮರೀ ಹೆಲೀನೆ ಫಾನ್ ಕ್ಯೂಗೆಲ್ಗನ್ ಒಂದು ಪತ್ರದಲ್ಲಿ ಇದೇ ಕೊರತೆ ಹೇಳಿಕೊಂಡಿದ್ದಾರೆ: ನೀರಿನ ಮೇಲೆ ದೋಣಿಯಿಲ್ಲ, ಹಡಗಿಲ್ಲ, ಮರಳಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಹಡಗು ಉಳಿದಿದ್ದರೆ ಏನಾಗುತ್ತಿತ್ತು ಯೋಚಿಸಿ. ಸಮುದ್ರದ ಆಚೆ ಒಂದು ದಡ ಇದೆ, ಅಲ್ಲಿಂದ ಯಾರೋ ಬರುತ್ತಿದ್ದಾರೆ ಅಂತ ಆಗುತ್ತಿತ್ತು. ಸಮುದ್ರಕ್ಕೆ ಅಗಲದ ಅಳತೆ ಸಿಕ್ಕಿಬಿಡುತ್ತಿತ್ತು.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬರಲ್ಲ: ಸನ್ಯಾಸಿಯ ತಲೆ ದಿಗಂತ ದಾಟುವುದಿಲ್ಲ. ಕಪ್ಪು ನೀರಿನ ಪಟ್ಟಿಯೊಳಗೇ ನಿಂತುಬಿಡುತ್ತೆ. ಪರ್ಸ್ಪೆಕ್ಟಿವ್ ನಿಯಮದಲ್ಲಿ ದಿಗಂತ ಅಂದರೆ ನೋಡುವವನ ಕಣ್ಣಿನ ಮಟ್ಟ. ಅವನ ತಲೆ ದಿಗಂತದ ಕೆಳಗಿದೆ ಅಂದರೆ ನಾವು ಅವನಿಗಿಂತ ಎತ್ತರದಲ್ಲಿದ್ದೇವೆ. ಆದರೆ ನಮಗೆ ನಿಲ್ಲೋಕೆ ಚಿತ್ರದಲ್ಲಿ ಜಾಗವನ್ನೇ ಬರೆದಿಲ್ಲ. ಅವನಿಗಾದರೂ ಕಾಲಡಿ ಮರಳಿದೆ, ನಮಗೆ ಅದೂ ಇಲ್ಲ. ಆ ಅಸ್ಥಿರತೆ ಮನಸ್ಸಿಗೆ ತಟ್ಟೋದು ಇಲ್ಲಿಂದ.

ಪ್ರತಿ ಮಾಡುವಾಗ ತಲೆಯನ್ನು ಅರ್ಧ ಸೆಂಟಿಮೀಟರ್ ಮೇಲೆತ್ತಿ ಆಕಾಶಕ್ಕೆ ತಾಗಿಸಿ ನೋಡಿ. ತಕ್ಷಣ ಅವನು ಧೀರನಾಗಿಬಿಡುತ್ತಾನೆ, ಚಿತ್ರ ಸತ್ತುಹೋಗುತ್ತೆ.

ಧಾರವಾಡ_ಕುಂಚ:
ಹಂಗಂದ್ರ ‘ಮಂಜಿನ ಕಡಲಿನ ಮೇಲೆ ಅಲೆಮಾರಿ’ ಚಿತ್ರದಾಗ ಏನ್ರೀ? ಅಲ್ಲಿ ಮನುಷ್ಯಾ ದೊಡ್ಡಾಂವ ಅದಾನ, ತಲಿ ದಿಗಂತಾ ದಾಟೇತಿ, ನಟ್ಟನಡುವ ನಿಂತಾನ. ಆದ್ರೂ ಅದನ್ನ ಎಲ್ಲಾರೂ ಇದ ಸಾಲಿಗೆ ಸೇರಸ್ತಾರ.

ದಿಗಂತರೇಖೆ:
@ಧಾರವಾಡ_ಕುಂಚ ಒಳ್ಳೆ ಪ್ರಶ್ನೆ ರೀ. ಆ ಚಿತ್ರ (ಸುಮಾರು 1817, 94.8 × 74.8 ಸೆಂ.ಮೀ., ಹ್ಯಾಂಬರ್ಗ್ ಕುನ್ಸ್ಟ್‌ಹಾಲೆ) ಈಗ ಪುಸ್ತಕದ ಮುಖಪುಟಗಳಲ್ಲಿ, ‘ಗೆದ್ದೆ’ ಅನ್ನೋ ಪೋಸ್ಟರ್‌ಗಳಲ್ಲಿ ಸವೆದುಹೋಗಿದೆ. ಅಲ್ಲೂ ನಡುನೆಲೆ ಇಲ್ಲ ನೋಡಿ. ಬಂಡೆಯ ಅಂಚಿನಿಂದಾಚೆ ಮಂಜು, ಮಂಜಿನೊಳಗಿಂದ ತುಂಡು ತುಂಡಾಗಿ ಎದ್ದ ಕಲ್ಲುಗಳು. ಒಂದು ಹೆಜ್ಜೆ ಮುಂದಿಟ್ಟರೆ ಬೀಳುತ್ತಾನೆ. ಮುಖ ನಮಗೆ ಕಾಣದು, ಹಾಗಾಗಿ ಅವನಿಗೆ ಹೆಮ್ಮೆಯೋ ಭಯವೋ ತಿಳಿಯದು. ಅದು ತೀರಿಕೊಂಡ ಒಬ್ಬ ಸೇನಾಧಿಕಾರಿಯ ಸ್ಮಾರಕ ಚಿತ್ರ ಇರಬಹುದು ಅನ್ನೋ ಊಹೆಯೂ ಇದೆ. ಊಹೆಯೇ, ಆದರೆ ಆ ದೃಷ್ಟಿಯಿಂದ ಒಮ್ಮೆ ನೋಡಿದರೆ ಚಿತ್ರ ಬೇರೆಯಾಗುತ್ತೆ.

ಆ ದೃಶ್ಯ ಯಾವ ಒಂದು ಜಾಗದಿಂದಲೂ ಕಾಣಲ್ಲ ಅನ್ನೋದು ಕೂಡ ಮುಖ್ಯ. ಕಾಲಡಿಯ ಬಂಡೆ ಎಲ್ಬ್ ನದಿಯ ಮರಳುಗಲ್ಲಿನ ಬೆಟ್ಟಗಳಲ್ಲಿರುವ ಕೈಸರ್‌ಕ್ರೋನೆಯದು, ಅದನ್ನು 1813ರ ಜೂನ್‌ನಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದ. ದೂರದ ಶಿಖರಗಳು ಬೇರೆ ಬೇರೆ ಕಡೆಯವು. ಹೊರಗಡೆ ಪೆನ್ಸಿಲ್, ಒಳಗಡೆ ಆಯಿಲ್, ಇದು ಅವನ ರೂಢಿ. ಒಂದು ಎಲೆ, ಒಂದು ಕಲ್ಲು ಕೂಡ ಸುಳ್ಳಿಲ್ಲ, ಜೋಡಣೆ ಮಾತ್ರ ಅವನದು.

ಎಲ್ಡೆನಾ:
‘ಸನ್ಯಾಸಿ’ಯನ್ನು ಒಂಟಿಯಾಗಿ ಚರ್ಚೆ ಮಾಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಅದು ಜೋಡಿ ಚಿತ್ರ. 1810ರಲ್ಲಿ ಬರ್ಲಿನ್ ಅಕಾಡೆಮಿಯ ಪ್ರದರ್ಶನದಲ್ಲಿ ಅದನ್ನು ‘ಓಕ್ ಕಾಡಿನ ಮಠ’ದ ಜೊತೆಗೆ ತೂಗುಹಾಕಿದ್ದರು. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ, 110 × 171 ಸೆಂ.ಮೀ. ಪ್ರಶ್ಯದ ದೊರೆ ಮೂರನೇ ಫ್ರೀಡ್ರಿಶ್ ವಿಲ್‌ಹೆಲ್ಮ್ ಎರಡನ್ನೂ ಕೊಂಡುಕೊಂಡ. ಕೊಳ್ಳಬೇಕೆಂದು ಆಸೆಪಟ್ಟವನು ಆಗಿನ್ನೂ 15 ವರ್ಷದ ಯುವರಾಜ. ಇಂದು ಎರಡೂ ಬರ್ಲಿನ್ನಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿವೆ.

ಮೊದಲನೆಯದರಲ್ಲಿ ಒಬ್ಬ ಸನ್ಯಾಸಿ ಅನಂತದ ಎದುರು ನಿಂತಿದ್ದಾನೆ. ಎರಡನೆಯದರಲ್ಲಿ ಸನ್ಯಾಸಿಗಳ ಮೆರವಣಿಗೆ ಒಂದು ಶವಪೆಟ್ಟಿಗೆಯನ್ನು ಹೊತ್ತು ಮುರಿದ ಗೋಡೆಯ ಬಾಗಿಲಿನತ್ತ ಹೋಗುತ್ತಿದೆ. ಮುನ್ನೆಲೆಯ ಹಿಮದಲ್ಲಿ ತೆರೆದ ಗುಂಡಿ. ಪೆಟ್ಟಿಗೆಯಲ್ಲಿರುವವನು ಆ ಕಡಲತೀರದವನೇ ಎಂದು ಓದುವವರಿದ್ದಾರೆ. ಅಷ್ಟು ನೇರವಾಗಿ ಕಥೆ ಕಟ್ಟಬೇಕಿಲ್ಲ, ಆದರೆ ಒಂದನ್ನು ನೋಡಿದ ಕಣ್ಣಿನಲ್ಲೇ ಇನ್ನೊಂದನ್ನು ನೋಡಬೇಕು ಎಂಬುದು ಅವನ ಉದ್ದೇಶವೇ ಆಗಿತ್ತು.

ಆ ಗೋಡೆ ಕಲ್ಪನೆಯಲ್ಲ. ಫ್ರೀಡ್ರಿಶ್ ಹುಟ್ಟಿದ ಗ್ರೈಫ್ಸ್‌ವಾಲ್ಡ್ ಪಕ್ಕದ ಎಲ್ಡೆನಾ ಮಠದ್ದು, 1199ರಲ್ಲಿ ಸ್ಥಾಪನೆಯಾದ ಸಿಸ್ಟರ್ಷಿಯನ್ ಪಂಥದ ಕ್ರೈಸ್ತ ಮಠ, ಅವನ ಕಾಲಕ್ಕೆ ಪಾಳು. ನಿಜವಾದ ಎಲ್ಡೆನಾ ಬಯಲಿನಲ್ಲಿದೆ, ಅವನು ಅದನ್ನು ಬೋಳು ಓಕ್ ಮರಗಳ ನಡುವೆ ತಂದು ನಿಲ್ಲಿಸಿದ. ಚಿತ್ರದ ಬೆಳಕನ್ನು ಗಮನಿಸಿ. ಕೆಳಗಿನ ಅರ್ಧ ಮಬ್ಬುಗತ್ತಲೆ, ಮನುಷ್ಯರು ಅದರಲ್ಲಿ ಮುಳುಗಿ ಹೋಗಿದ್ದಾರೆ, ಬರಿಗಣ್ಣಿಗೆ ಕಷ್ಟಪಟ್ಟು ಕಾಣುತ್ತಾರೆ. ಬೆಳಕಿರುವುದು ಮೇಲೆ, ಮರದ ಕೊಂಬೆಗಳ ಹಿಂದೆ. ಎರಡು ಪದರಗಳ ನಡುವಿನ ಗಡಿ ಒಂದು ಮಂಜಿನ ಗೆರೆ. ಸತ್ತವನು ಇರುವ ಜಾಗಕ್ಕೂ ಬೆಳಕಿಗೂ ನಡುವೆ ಮೆಟ್ಟಿಲಿಲ್ಲ. ದಿಗಂತರೇಖೆ ಅವರು ಹೇಳಿದ ‘ದಾರಿ ಕಿತ್ತುಹಾಕುವುದು’ ಇಲ್ಲಿ ಮೇಲೆ-ಕೆಳಗಾಗಿ ನಡೆದಿದೆ.

ಆ ಪ್ರದರ್ಶನದ ಬಗ್ಗೆ 1810ರ ಅಕ್ಟೋಬರ್ 13ರ ‘ಬರ್ಲಿನರ್ ಆಬೆಂಟ್‌ಬ್ಲೆಟರ್’ ಪತ್ರಿಕೆಯಲ್ಲಿ ಹೈನ್ರಿಶ್ ಫಾನ್ ಕ್ಲೈಸ್ಟ್ ಬರೆದ ಮಾತು ಪ್ರಸಿದ್ಧ. ಈ ಚಿತ್ರಕ್ಕೆ ಚೌಕಟ್ಟೊಂದೇ ಮುನ್ನೆಲೆ, ನೋಡುವವನ ಕಣ್ಣಿನ ರೆಪ್ಪೆಗಳನ್ನೇ ಕತ್ತರಿಸಿ ಹಾಕಿದಂತಾಗುತ್ತದೆ ಎಂಬ ಅರ್ಥದ ಮಾತು. ಕಣ್ಣು ಮುಚ್ಚಿಕೊಳ್ಳುವ ಸೌಕರ್ಯವನ್ನೂ ಈ ಚಿತ್ರ ಕಿತ್ತುಕೊಂಡಿದೆ ಎಂದು ಅದೇ ವರ್ಷ ಒಬ್ಬ ಬರಹಗಾರನಿಗೆ ಹೊಳೆದದ್ದು ಅಚ್ಚರಿಯೇ.

ಹಳದಿಮಣ್ಣು:
ಇದು ಬಹಳ ಸಹಾಯವಾಯಿತು. ಇನ್ನು ಕೈಕೆಲಸದ ಕಡೆ ಯಾರಾದರೂ ಹೇಳಬಹುದಾ? ಅಂಗಡಿಯಲ್ಲಿ ಸಿಗುವ ಪ್ರೈಮ್ ಮಾಡಿದ ಕ್ಯಾನ್ವಾಸ್, ಸಾಮಾನ್ಯ ಆಯಿಲ್ ಟ್ಯೂಬ್‌ಗಳಿಂದ ಆಗುವಂಥದ್ದು.

ತೆಳುಪದರ:
ಆಗುತ್ತೆ. ಉದ್ದ ಉತ್ತರ, ತಾಳ್ಮೆಯಿಂದ ಓದಿ.

ಅಳತೆ: ಮೂಲ 110 × 171.5. ಅರ್ಧ ಅಂದರೆ 55 × 86 ಸೆಂ.ಮೀ. ಸ್ಟ್ರೆಚರ್ (ಕ್ಯಾನ್ವಾಸ್ ಬಿಗಿಯುವ ಮರದ ಚೌಕಟ್ಟು) ಮಾಡಿಸಿ. ಇದಕ್ಕಿಂತ ಚಿಕ್ಕದು ಮಾಡಿದರೆ ಸನ್ಯಾಸಿ ಬರೀ ಚುಕ್ಕೆ ಆಗುತ್ತಾನೆ, ಕೈ, ಗಲ್ಲ, ಬಾಗಿದ ನಿಲುವು ಯಾವುದೂ ಬರೆಯಲಾಗದು. ಆಕೃತಿಯ ಎತ್ತರ ಚಿತ್ರದ ಎತ್ತರದ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ. ಅಂದಾಜಿನಲ್ಲಿ ಬರೆಯಬೇಡಿ, ಮ್ಯೂಸಿಯಂನ ದೊಡ್ಡ ಫೋಟೊ ಮೇಲೆ ಗ್ರಿಡ್ ಹಾಕಿ ಅಳೆಯಿರಿ.

ನೆಲ: ಅಂಗಡಿ ಕ್ಯಾನ್ವಾಸಿನ ನೇಯ್ಗೆ ಒರಟು. ಅದರ ಮೇಲೆ ತೆಳು ಆಕಾಶ ಬರಿಸಿದರೆ ನೂಲಿನ ಗಂಟುಗಳೇ ಎದ್ದು ಕಾಣುತ್ತವೆ. ಇನ್ನೂ ಎರಡು ಕೋಟ್ ಜೆಸೊ (ಬಿಳಿ ಪ್ರೈಮರ್) ಕೊಟ್ಟು, ಪ್ರತಿ ಕೋಟ್ ಒಣಗಿದ ಮೇಲೆ 320 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ. ಬಿಳಿಯಾಗಿಯೇ ಬಿಡಿ. ತೆಳು ಪದರಗಳ ಮೂಲಕ ಕೆಳಗಿನ ಬಿಳಿ ಬೆಳಕು ವಾಪಸ್ ಬರಬೇಕು. ಕಂದು ನೆಲ ಹಾಕಿಕೊಂಡರೆ ಎಷ್ಟು ಬಿಳಿ ಸುರಿದರೂ ಆಕಾಶ ಮಣ್ಣಾಗಿಯೇ ಇರುತ್ತೆ.

ರೇಖೆ: ಗಟ್ಟಿ ಪೆನ್ಸಿಲ್, ಆಮೇಲೆ ತೆಳು ನೀರಿಳಿದ ಶಾಯಿ. ಗೆಳೆಯ ಕಾರುಸ್ ಬರೆದಿಟ್ಟಿರುವ ಪ್ರಕಾರ ಫ್ರೀಡ್ರಿಶ್ ಬಣ್ಣದ ಕರಡು ಮಾಡುತ್ತಿರಲಿಲ್ಲ. ಚಿತ್ರ ಮನಸ್ಸಿನಲ್ಲಿ ಪೂರ್ತಿಯಾದ ಮೇಲೇ ಕ್ಯಾನ್ವಾಸ್ ಮೇಲೆ ನೇರವಾಗಿ ರೇಖೆ. ಚಿತ್ರಕಾರ ಕೆರ್ಸ್ಟಿಂಗ್ ಬರೆದ ಅವನ ಸ್ಟುಡಿಯೋ ಚಿತ್ರಗಳಲ್ಲಿ ಗೋಡೆ ಮೇಲೆ ಸ್ಕೇಲು, ಮೂಲೆಮಟ್ಟ ನೇತಾಡುತ್ತಿವೆ, ಕಿಟಕಿಯ ಕೆಳಭಾಗ ಮುಚ್ಚಿದೆ. ಕೋಣೆಯೇ ಖಾಲಿ. ಅವನ ಚಿತ್ರದ ಶಿಸ್ತು ಅಲ್ಲೇ ಕಾಣುತ್ತೆ.

ಬಣ್ಣ: ಟೈಟೇನಿಯಂ ಬಿಳಿ ಬಹಳ ಮುಚ್ಚುತ್ತೆ, ಒಂದೇ ಪದರದಲ್ಲಿ ಎಲ್ಲವನ್ನೂ ಸುಣ್ಣ ಬಳಿದ ಗೋಡೆ ಮಾಡುತ್ತೆ. ಝಿಂಕ್ ಬಿಳಿ ಪಾರದರ್ಶಕ, ಆದರೆ ಬರೀ ಝಿಂಕ್ ಹಾಕಿದರೆ ವರ್ಷಗಳ ಮೇಲೆ ಬಿರುಸಾಗಿ ಬಿರುಕು ಬಿಡುತ್ತೆ. ಟೈಟೇನಿಯಂಗೆ ಸ್ವಲ್ಪ ಝಿಂಕ್ ಬೆರೆಸಿ ತೆಳು ಮಾಡಿ ಬಳಸಿ. ಹಳಬರ ಸೀಸದ ಬಿಳಿ ವಿಷ, ಮನೆಯಲ್ಲಿ ಬೇಡ. ನೀಲಿಗೆ ಕೋಬಾಲ್ಟ್, ಅದನ್ನು ತಗ್ಗಿಸಲು ಐವರಿ ಬ್ಲ್ಯಾಕ್, ರಾ ಅಂಬರ್. ಥ್ಯಾಲೊ ನೀಲಿ ಮುಟ್ಟಬೇಡಿ. ಒಂದು ಸಾಸಿವೆಯಷ್ಟು ಹೆಚ್ಚಾದರೂ ಇಡೀ ಆಕಾಶ ಹಸಿರುನೀಲಿಗೆ ತಿರುಗುತ್ತೆ.

ಫ್ರೀಡ್ರಿಶ್‌ನ ಆಕಾಶಗಳಲ್ಲಿ ಸ್ಮಾಲ್ಟ್ ಸಿಗುತ್ತೆ. ಕೋಬಾಲ್ಟ್ ಸೇರಿಸಿದ ಗಾಜನ್ನು ಕುಟ್ಟಿ ಮಾಡಿದ ನೀಲಿ, ಸ್ಯಾಕ್ಸನಿಯ ಗಣಿಗಳಿಂದ ಬರುತ್ತಿದ್ದದ್ದು, ಡ್ರೆಸ್ಡನ್‌ನಲ್ಲಿದ್ದವನಿಗೆ ಹತ್ತಿರದ ಮಾಲು. ಅದರ ಹರಳು ದಪ್ಪ, ನೀಲಿ ದುರ್ಬಲ, ಎಣ್ಣೆಯಲ್ಲಿ ಕಾಲಕ್ರಮೇಣ ಬೂದುಬಣ್ಣಕ್ಕೆ ತಿರುಗುತ್ತೆ. ಹಾಗಾಗಿ ಇಂದು ಕಾಣುವ ಬೂದು ಪೂರ್ತಿ ಅವನ ಉದ್ದೇಶ ಅಂದುಕೊಳ್ಳಬೇಡಿ.

ಪದರಗಳು: ಮೊದಲನೆಯದು ಬರೀ ಟರ್ಪಂಟೈನ್‌ನಲ್ಲಿ, ನೀರುಬಣ್ಣದಷ್ಟು ತೆಳು. ಎರಡನೆಯದಕ್ಕೆ ಸ್ಟ್ಯಾಂಡ್ ಆಯಿಲ್ (ದಪ್ಪಗಾಗಿಸಿದ ಅಗಸೆ ಎಣ್ಣೆ) 1 ಭಾಗ, ಟರ್ಪಂಟೈನ್ 4 ಭಾಗ. ಮೂರನೆಯದಕ್ಕೆ 1ಕ್ಕೆ 2. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ಇದು ತಲೆಕೆಳಗಾದರೆ ಮೇಲಿನ ಪದರ ಬೇಗ ಒಣಗಿ, ಕೆಳಗಿನದು ಆಮೇಲೆ ಕದಲಿ, ಬಿರುಕು ಬರುತ್ತೆ. ಪದರದ ನಡುವೆ ಬೇಸಿಗೆಯಲ್ಲಿ 4–5 ದಿನ, ಮಳೆಗಾಲದಲ್ಲಿ 10 ದಿನಕ್ಕೂ ಹೆಚ್ಚು. ಉಗುರಿನಲ್ಲಿ ಮೂಲೆ ಒತ್ತಿ ನೋಡಿ, ಗುರುತು ಬಿದ್ದರೆ ಇನ್ನೂ ಕಾಯಿರಿ.

ಈ ಅಳತೆಗೆ ಆಕಾಶದ ಒಂದು ಪದರಕ್ಕೆ ಸುಮಾರು 20 ಮಿಲಿ ಬಣ್ಣ ಸಾಕು. ಬಿಳಿ ಮಾತ್ರ 37 ಮಿಲಿಯ ಎರಡು ಟ್ಯೂಬ್ ಇಟ್ಟುಕೊಳ್ಳಿ.

ಕೊನೆಯದಾಗಿ, ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಿ.

ಧಾರವಾಡ_ಕುಂಚ:
ಪಟ್ಟಿ ಬರೂದರ ಬಗ್ಗೆ ಹೇಳಲಿಲ್ಲಲ್ರೀ. ಎರಡು ಟೋನ್ (ಬಣ್ಣದ ತಿಳಿ-ಕಡು ಮಟ್ಟ) ಕೂಡೂ ಜಾಗದಾಗ ಗೆರಿ ಎದ್ದ ಕಾಣತೈತಿ, ತೀಡಿದಷ್ಟೂ ಕೊಳಿ ಆಗತೈತಿ.

ತೆಳುಪದರ:
ಅದಕ್ಕೆ ಕಾರಣ ಎರಡು. ಒಂದು, ಕ್ಯಾನ್ವಾಸ್ ಮೇಲೆಯೇ ಬಣ್ಣ ಕಲಸೋದು. ಶುರು ಮಾಡುವ ಮುಂಚೆ ದಿಗಂತದಿಂದ ಮೇಲ್ತುದಿವರೆಗೆ ಐದಾರು ಟೋನ್‌ಗಳನ್ನು ಪ್ಯಾಲೆಟ್ ನೈಫ್‌ನಲ್ಲಿ ಕಲಸಿ ಸಾಲಾಗಿ ಇಟ್ಟುಕೊಳ್ಳಿ. ಅಕ್ಕಪಕ್ಕದ ಎರಡು ಟೋನ್ ಪ್ಯಾಲೆಟ್ ಮೇಲೆ ಕಷ್ಟಪಟ್ಟು ಬೇರೆ ಅನಿಸಬೇಕು, ಅಷ್ಟೇ ಅಂತರ. ಎರಡು, ಅಡ್ಡಡ್ಡ ಎಳೆಯೋದು. ಅಡ್ಡ ಎಳೆದರೆ ಪ್ರತಿ ಎಳೆತವೂ ಒಂದು ಪಟ್ಟಿ. ಮೊದಲು ಹಂದಿಕೂದಲಿನ ಗಡುಸು ಬ್ರಷ್‌ನಲ್ಲಿ ಓರೆಯಾಗಿ ಎಕ್ಸ್ ಆಕಾರದಲ್ಲಿ ತುಂಬಿ, ಸೇರುವ ಜಾಗವನ್ನು ಒಣ ಮೃದು ಬ್ರಷ್‌ನ ತುದಿಯಿಂದ ಲಂಬವಾಗಿ ಕುಟ್ಟಿ. ಪ್ರತಿ ಹತ್ತಿಪ್ಪತ್ತು ಕುಟ್ಟಿಗೆ ಬಟ್ಟೆಯಲ್ಲಿ ಬ್ರಷ್ ಒರೆಸಿಕೊಳ್ಳಿ. ಒರೆಸದಿದ್ದರೆ ಕಡು ಬಣ್ಣ ತಿಳಿಯ ಕಡೆಗೆ ಹೋಗುತ್ತೆ, ಅದೇ ನೀವು ಹೇಳುವ ಕೊಳೆ.

ಇಡೀ ಆಕಾಶ ಒಂದೇ ಕೂತಿಗೆ ಮುಗಿಯಬೇಕು. ಅರ್ಧ ಒಣಗಿದ ಅಂಚಿಗೆ ಮರುದಿನ ಹಸಿ ಬಣ್ಣ ಸೇರಿಸೋಕೆ ಹೋದರೆ ಗೆರೆ ಖಂಡಿತ. ಮೂರು ಪದರಕ್ಕೆ ಮೂರು ಪೂರ್ತಿ ದಿನ ಎತ್ತಿಡಿ.

ಸೀಪಿಯಾ_ಹಾಳೆ:
ಆಯಿಲ್‌ಗೆ ಹೋಗುವ ಮುಂಚೆ ಸೀಪಿಯಾದಲ್ಲಿ (ನೀರಿನಲ್ಲಿ ತೆಳು ಮಾಡಿ ಹಚ್ಚುವ ಕಂದು ಬಣ್ಣ) ಒಮ್ಮೆ ಮಾಡಿ ಅಂತ ನಾನು ಒತ್ತಿ ಹೇಳ್ತೀನಿ. ಫ್ರೀಡ್ರಿಶ್ ಮೊದಲು ಹೆಸರು ಮಾಡಿದ್ದೇ ಸೀಪಿಯಾದಲ್ಲಿ. 1805ರಲ್ಲಿ ಕವಿ ಗಯಟೆ ನಡೆಸುತ್ತಿದ್ದ ವೈಮಾರ್ ಸ್ಪರ್ಧೆಯ ಬಹುಮಾನದಲ್ಲಿ ಅರ್ಧ ಪಾಲು ಬಂದದ್ದು ಎರಡು ಸೀಪಿಯಾ ಹಾಳೆಗಳಿಗೆ. ಆಯಿಲ್‌ನಲ್ಲಿ ಅವನು ಪದರದ ಮೇಲೆ ಪದರ ತೆಳುವಾಗಿ ಕಟ್ಟುವ ರೀತಿ ಈ ಅಭ್ಯಾಸದಿಂದ ಬಂದದ್ದು ಅಂತ ಕೈಕೆಲಸ ಬಲ್ಲ ಯಾರಿಗಾದರೂ ಗೊತ್ತಾಗುತ್ತೆ.

300 ಜಿಎಸ್‌ಎಂ ನಯವಾದ ಹಾಳೆ, ಒಂದೇ ಕಂದು ಬಣ್ಣ, ಮೂರು ಬಟ್ಟಲು ನೀರು. ಮೊದಲ ವಾಶ್ (ನೀರುಬಣ್ಣದ ತೆಳು ಪದರ) ಚಹಾದ ನೀರಿಗಿಂತ ತೆಳುವಿರಲಿ. ಬೆಳಕಿನ ಜಾಗ ಅಂದರೆ ಹಾಳೆಯ ಬಿಳಿಯೇ, ಆಮೇಲೆ ಬಿಳಿ ಹಚ್ಚುವಂತಿಲ್ಲ. ಒಂದು ವಾಶ್ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಹೀಗೆ ಎಂಟು ಹತ್ತು ಸಲ. ಅರ್ಧ ಒದ್ದೆಯ ಮೇಲೆ ಹೋದರೆ ಹೂಕೋಸಿನಂಥ ಕಲೆ ಬೀಳುತ್ತೆ, ಅದನ್ನು ತೆಗೆಯೋಕೆ ಆಗಲ್ಲ.

ನಶ್ವರತೆಯ ಮಾತು ಬಂದದ್ದಕ್ಕೆ ಇದನ್ನೂ ನೋಡಿ: ಸುಮಾರು 1826ರ ಏಳು ಸೀಪಿಯಾ ಹಾಳೆಗಳ ಒಂದು ಸರಣಿ ಹ್ಯಾಂಬರ್ಗ್‌ನಲ್ಲಿದೆ. ದಿನದ ಹೊತ್ತು, ಋತು, ಮನುಷ್ಯನ ವಯಸ್ಸು ಮೂರೂ ಜೊತೆಯಾಗಿ ಸಾಗುತ್ತವೆ. ಚಳಿಗಾಲ ಮುಗಿದ ಮೇಲೆ ಒಂದು ಗುಹೆ, ಮೇಲಿನಿಂದ ಸುಣ್ಣಗಲ್ಲು ಇಳಿಬಿದ್ದಿದೆ, ಕೆಳಗೆ ಎರಡು ಅಸ್ಥಿಪಂಜರ. ಅದರ ಮುಂದಿನ ಹಾಳೆಯಲ್ಲಿ ದೇವದೂತರು. ಅವನಿಗೆ ಸಾವು ಕೊನೆಯ ಹಾಳೆ ಆಗಿರಲಿಲ್ಲ. ಅವನು ಲೂಥರನ್ ಭಕ್ತ, ಇದನ್ನು ಮರೆತು ಬರೀ ‘ಶೂನ್ಯ’ ಅಂತ ಓದುವವರು ಅರ್ಧವನ್ನೇ ಓದ್ತಾರೆ.

ಎಲ್ಡೆನಾ:
@ಸೀಪಿಯಾ_ಹಾಳೆ ಪೂರ್ತಿ ಒಪ್ಪುತ್ತೇನೆ ಮೇಡಂ. 1808ರ ‘ಬೆಟ್ಟದ ಮೇಲಿನ ಶಿಲುಬೆ’ಯ ಜಗಳವೂ ಇದೇ. ಅದನ್ನು ಪೂಜಾವೇದಿಕೆಯ ಚಿತ್ರವಾಗಿ ತೋರಿಸಿದಾಗ ವಿಮರ್ಶಕ ರಾಮ್‌ಡೋರ್ 1809ರ ಜನವರಿಯಲ್ಲಿ ಕಟುವಾಗಿ ಬರೆದ: ಭೂದೃಶ್ಯ ಚಿತ್ರ ಚರ್ಚಿನೊಳಗೆ ನುಸುಳಿ ವೇದಿಕೆ ಹತ್ತಲು ಹೊರಟಿದೆಯೆಂಬ ಆಕ್ಷೇಪ. ಆಕ್ಷೇಪ ಎತ್ತಿದವನಿಗೆ ಚಿತ್ರ ಚೆನ್ನಾಗಿ ಅರ್ಥವಾಗಿತ್ತು. ಅಲ್ಲಿ ಕ್ರಿಸ್ತನೂ ಆ ಸನ್ಯಾಸಿಯಂತೆ ನಮಗೆ ಮುಖ ತೋರಿಸುವುದಿಲ್ಲ, ಮುಳುಗುವ ಸೂರ್ಯನ ಕಡೆ ತಿರುಗಿದ್ದಾನೆ.

ಮಂಜುಗಡ್ಡೆ:
ಯಾರೂ ‘ಹಿಮದ ಸಮುದ್ರ’ದ ಬಗ್ಗೆ ಹೇಳಲಿಲ್ಲವಲ್ಲ! 1823–24, 96.7 × 126.9 ಸೆಂ.ಮೀ., ಹ್ಯಾಂಬರ್ಗ್. ನನಗೆ ಇಡೀ ರೊಮ್ಯಾಂಟಿಕ್ ಚಿತ್ರಕಲೆಯಲ್ಲಿ ಇದಕ್ಕಿಂತ ಕಠಿಣವಾದ ಚಿತ್ರ ಇನ್ನೊಂದಿಲ್ಲ. ಇಲ್ಲಿ ಮನುಷ್ಯನೇ ಇಲ್ಲ. ಒಡೆದ ಮಂಜಿನ ಹಲಗೆಗಳು ಒಂದರ ಮೇಲೊಂದು ಏರಿ ಗೋಪುರವಾಗಿವೆ, ಬಲಗಡೆ ಮಗುಚಿದ ಹಡಗಿನ ಹಿಂಭಾಗ ಸ್ವಲ್ಪ ಕಾಣುತ್ತೆ. ತಕ್ಷಣ ಕಣ್ಣಿಗೆ ಬೀಳದಷ್ಟು ಸ್ವಲ್ಪ.

‘ಹೋಪ್ ಹಡಗಿನ ಅವಶೇಷ’ ಅಂತ ಹಳೆ ಪುಸ್ತಕಗಳಲ್ಲಿ ಇರೋದು ತಪ್ಪು, ಕಳೆದುಹೋದ ಇನ್ನೊಂದು ಚಿತ್ರದ ಹೆಸರು ಇದಕ್ಕೆ ಅಂಟಿಕೊಂಡಿತ್ತು. ಹಿನ್ನೆಲೆಯಲ್ಲಿ ಇರೋದು ವಿಲಿಯಂ ಎಡ್ವರ್ಡ್ ಪ್ಯಾರಿಯ 1819–20ರ ಆರ್ಕ್ಟಿಕ್ ಸಮುದ್ರಯಾನದ ಸುದ್ದಿ. ಆ ಯಾನದ ಹೆಕ್ಲಾ, ಗ್ರೈಪರ್ ಎರಡೂ ಹಡಗು ಸುರಕ್ಷಿತವಾಗಿ ವಾಪಸಾದವು. ಅಂದರೆ ಫ್ರೀಡ್ರಿಶ್ ನಡೆಯದ ದುರಂತವನ್ನು ಬರೆದ.

ಅವನು ಧ್ರುವಕ್ಕೆ ಹೋಗಿರಲಿಲ್ಲ. 1820–21ರ ಚಳಿಗಾಲದಲ್ಲಿ ಡ್ರೆಸ್ಡನ್‌ನ ಎಲ್ಬ್ ನದಿ ಹೆಪ್ಪುಗಟ್ಟಿ ಒಡೆದಾಗ ತೇಲುವ ಮಂಜಿನ ತುಂಡುಗಳನ್ನು ಆಯಿಲ್‌ನಲ್ಲಿ ಅಭ್ಯಾಸ ಮಾಡಿದ. ಅದಕ್ಕೇ ಮುನ್ನೆಲೆಯ ಹಲಗೆಗಳು ಬಿಳಿಯಲ್ಲ, ಮಣ್ಣು ಮೆತ್ತಿದ ಕಂದು, ಓಕರ್. ಮೇಲಕ್ಕೆ ಹೋದಂತೆ ನೀಲಿ ತಿರುಗುತ್ತೆ. ಇದನ್ನು ಪ್ರತಿ ಮಾಡುವವರ ಸಾಮಾನ್ಯ ತಪ್ಪು ಟ್ಯೂಬಿನ ಬಿಳಿಯನ್ನು ಎಲ್ಲ ಹಲಗೆಗೂ ಹಚ್ಚೋದು. ಆಗ ತುಂಡುಗಳು ಥರ್ಮಾಕೋಲ್ ಆಗುತ್ತವೆ, ತೂಕ ಬರಲ್ಲ. ಪ್ರತಿ ಹಲಗೆಗೆ ಮೂರು ಮುಖ ಗುರುತಿಸಿ: ಆಕಾಶ ನೋಡುವ ಮೇಲ್ಮುಖ ತಿಳಿ, ಮುರಿದ ದಪ್ಪ ಅಂಚು ಮಧ್ಯಮ, ಒಳಗಿನ ಸಂದು ಕಡು. ಶುದ್ಧ ಬಿಳಿ ಎರಡು ಮೂರು ಅಂಚಿಗೆ ಮಾತ್ರ. ಮುಂದಿನ ಅಂಚುಗಳು ಚಾಕುವಿನಷ್ಟು ಹರಿತ, ಹಿಂದಿನವು ಮಸುಕು.

1824ರಲ್ಲಿ ಪ್ರಾಗ್‌ನಲ್ಲಿ ತೋರಿಸಿದರು. 1840ರಲ್ಲಿ ಅವನು ತೀರಿಕೊಳ್ಳುವವರೆಗೂ ಯಾರೂ ಕೊಳ್ಳಲಿಲ್ಲ. ಆಮೇಲೆ ಅದೇ ಮನೆಯಲ್ಲಿ ನೆರೆಯಾಗಿದ್ದ ನಾರ್ವೆಯ ಕಲಾವಿದ ದಾಲ್ ಕೊಂಡ.

ಹಳದಿಮಣ್ಣು:
ಫ್ರೀಡ್ರಿಶ್‌ನ ತಮ್ಮ ಮಂಜುಗಡ್ಡೆ ಒಡೆದು ನೀರಲ್ಲಿ ಮುಳುಗಿ ಸತ್ತನಲ್ಲ, ಈ ಚಿತ್ರ ಅದರಿಂದಲೇ ಬಂತು ಅಂತ ಓದಿದ್ದೆ.

ಎಲ್ಡೆನಾ:
ಘಟನೆ ನಿಜ. 1787ರಲ್ಲಿ, ಕಾಸ್ಪರ್‌ಗೆ 13 ವರ್ಷವಿದ್ದಾಗ, ತಮ್ಮ ಕ್ರಿಸ್ಟೋಫರ್ ಹಾಗೆ ತೀರಿಕೊಂಡ. ತಾಯಿ ಅದಕ್ಕೂ ಮುಂಚೆ, 1781ರಲ್ಲೇ. ಆದರೆ 36 ವರ್ಷದ ನಂತರದ ಚಿತ್ರಕ್ಕೆ ಅದೊಂದನ್ನೇ ಕೀಲಿಕೈ ಮಾಡುವುದು ಚಿತ್ರಕ್ಕೂ ಆ ಸಾವಿಗೂ ಅನ್ಯಾಯ. ಮಂಜುಗಡ್ಡೆ ಅವರು ಹೇಳಿದ ಎಲ್ಬ್ ನದಿಯ ಅಭ್ಯಾಸ, ಪ್ಯಾರಿಯ ಸುದ್ದಿ ಇವೆಲ್ಲ ಕಣ್ಣ ಮುಂದಿವೆ. ಬದುಕಿನ ನೇರ ಗುರುತು ಬೇಕೆಂದರೆ ‘ಬದುಕಿನ ಹಂತಗಳು’ (ಸುಮಾರು 1834–35, ಲೈಪ್ಜಿಗ್) ನೋಡಿ. ದಡದಲ್ಲಿ ಐದು ಜನ, ನೀರಿನಲ್ಲಿ ಐದು ಹಡಗು. ಬೆನ್ನು ತೋರಿಸಿ ಕೋಲೂರಿ ನಿಂತ ಮುದುಕ ಅವನೇ ಎಂದು ಗುರುತಿಸುತ್ತಾರೆ. 1835ರ ಜೂನ್‌ನಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಆಯಿಲ್ ಹೆಚ್ಚುಕಡಿಮೆ ನಿಂತುಹೋಯಿತು. ಉಳಿದದ್ದು ಮತ್ತೆ ಸೀಪಿಯಾ, ನೀರುಬಣ್ಣ.

‘ಸನ್ಯಾಸಿ’ಯಲ್ಲಿ ಅಳಿಸಿದ ಹಡಗುಗಳು ಇಲ್ಲಿ ವಾಪಸ್ ಬಂದಿವೆ. ಇಲ್ಲಿ ಅವು ದಡಕ್ಕೆ ಹತ್ತಿರವಾಗುತ್ತಿವೆ, ಹಾಗಾಗಿ ಈ ಚಿತ್ರದಲ್ಲಿ ದುಃಖವಿದೆ, ಭಯವಿಲ್ಲ.

ಬಿರುಗಾಳಿ_ಟರ್ನರ್:
ಎಲ್ಲರೂ ಫ್ರೀಡ್ರಿಶ್ ಹಿಡಿದುಕೊಂಡಿದ್ದೀರಿ. ಭವ್ಯತೆ ಅಂದರೆ ಬೆಚ್ಚಿಬೀಳಿಸುವ ಶಕ್ತಿ, ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲಿ ಹೇಳಿದ್ದು ಅದನ್ನೇ: ಭಯವೇ ಅದರ ಮೂಲ. ಅದನ್ನು ಬಣ್ಣದಲ್ಲಿ ಸಾಧಿಸಿದವನು ಇಂಗ್ಲೆಂಡಿನ ಚಿತ್ರಕಾರ ಟರ್ನರ್. 1812ರ ‘ಹಿಮಬಿರುಗಾಳಿ: ಆಲ್ಪ್ಸ್ ದಾಟುವ ಹ್ಯಾನಿಬಲ್ ಸೈನ್ಯ’ ನೋಡಿ. ಇತಿಹಾಸದ ಅಷ್ಟು ದೊಡ್ಡ ಸೇನಾಪತಿಯನ್ನು ಹುಡುಕಬೇಕು. ದೂರದಲ್ಲಿ ಬೆರಳಿನ ಉಗುರಿನಷ್ಟು ಆನೆ, ಅಷ್ಟೇ. ಮೇಲೆ ಕಪ್ಪು ಗಾಳಿಯ ಸುಳಿ ಎಲ್ಲವನ್ನೂ ನುಂಗುತ್ತೆ. ರಾಯಲ್ ಅಕಾಡೆಮಿಯಲ್ಲಿ ಆ ಚಿತ್ರವನ್ನು ಕೆಳಮಟ್ಟದಲ್ಲೇ ತೂಗುಹಾಕಬೇಕೆಂದು ಹಠ ಹಿಡಿದು ಗೆದ್ದ. ನೋಡುವವನ ಕಾಲು ಸುಳಿಯ ಒಳಗೇ ಇರಬೇಕು ಅನ್ನೋದು ಲೆಕ್ಕ.

ದಿಗಂತರೇಖೆ:
ಹಠದ ವಿಷಯ ಒಳ್ಳೆಯದನ್ನು ನೆನಪಿಸಿದಿರಿ ಸರ್. ಆದರೆ ನನಗೆ ಇಬ್ಬರ ನಡುವಿನ ವ್ಯತ್ಯಾಸವೇ ಇದು: ಟರ್ನರ್‌ನ ಗಾಳಿ ಮನುಷ್ಯನನ್ನು ಕೊಲ್ಲುತ್ತೆ, ಅಂದರೆ ಅದಕ್ಕೆ ಅವನ ಜೊತೆ ಇನ್ನೂ ಏನೋ ಸಂಬಂಧ ಇದೆ. ಫ್ರೀಡ್ರಿಶ್‌ನ ಆಕಾಶಕ್ಕೆ ಅವನು ಇದ್ದಾನೆ ಅನ್ನೋದೇ ಗೊತ್ತಿಲ್ಲ. ಬಿರುಗಾಳಿ ನಾಳೆ ನಿಲ್ಲಬಹುದು, ಆ ಆಕಾಶ ನಾಳೆಯೂ ಹಾಗೇ ಇರುತ್ತೆ. ಭಯ ಎರಡನೆಯದರಲ್ಲಿ ಹೆಚ್ಚು ಅಂತ ನಾನು ವಾದಿಸ್ತೀನಿ.

ತೂಗುಹಾಕುವ ಎತ್ತರ ಪ್ರತಿ ಮಾಡುವವರಿಗೂ ಕೆಲಸಕ್ಕೆ ಬರುತ್ತೆ. ‘ಸನ್ಯಾಸಿ’ಯ ದಿಗಂತ ನಿಂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 150 ಸೆಂ.ಮೀ. ಎತ್ತರಕ್ಕೆ ಬರಲಿ. ಆಗ ಆಕಾಶವೆಲ್ಲ ತಲೆಯ ಮೇಲಕ್ಕೆ ಹೋಗುತ್ತೆ. ಸೋಫಾ ಹಿಂದೆ ಕೆಳಗೆ ಹಾಕಿದರೆ ಆಕಾಶವನ್ನು ಮೇಲಿನಿಂದ ನೋಡಿದಂತಾಗಿ ಎಲ್ಲ ಕೆಟ್ಟುಹೋಗುತ್ತೆ.

ಧಾರವಾಡ_ಕುಂಚ:
ನಮ್ಮ ಕಡೆ ಇಂಥಾ ಚಿತ್ರ ಖುದ್ದ ನೋಡಾಕ ಎಲ್ಲೆರ ಸಿಗತಾವೇನ್ರೀ?

ಸೀಪಿಯಾ_ಹಾಳೆ:
ಫ್ರೀಡ್ರಿಶ್ ಇಲ್ಲಿ ಸಿಗಲ್ಲ ರೀ. ದೊಡ್ಡ ಬೆಟ್ಟದ ಮುಂದೆ ಮನುಷ್ಯನ ಅಳತೆ ಅನ್ನೋ ವಿಷಯಕ್ಕೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ರೋರಿಕ್ ಗ್ಯಾಲರಿ ನೋಡಬಹುದು. ತಾತಗುಣಿಯಲ್ಲಿದ್ದ ಸ್ವೆತೊಸ್ಲಾವ್ ರೋರಿಕ್ ಮತ್ತು ಅವರ ತಂದೆ ನಿಕೊಲಾಸ್ ಇಬ್ಬರ ಕೆಲಸವೂ ಅಲ್ಲಿದೆ. ತಂದೆಯ ಹಿಮಾಲಯದ ಚಿತ್ರಗಳು ಒಂದು ಶತಮಾನ ಈಚಿನವು, ಮನೋಧರ್ಮವೂ ಬೇರೆ. ಅಲ್ಲಿ ಬೆಟ್ಟ ಆಶ್ರಯ ಕೊಡುತ್ತೆ, ಹೆದರಿಸಲ್ಲ. ಎಡ್ಜ್‌ಗಳನ್ನು ಎಷ್ಟು ಸಪಾಟಾಗಿ ಇಟ್ಟಿದ್ದಾರೆ, ದೂರವನ್ನು ಬರೀ ನೀಲಿಯ ಮೆಟ್ಟಿಲುಗಳಿಂದ ಹೇಗೆ ತಂದಿದ್ದಾರೆ ಅಂತ ಹತ್ತಿರದಿಂದ ನೋಡಿ ಬನ್ನಿ. ತೆಳುಪದರ ಅವರು ಹೇಳಿದ ಟೋನ್ ಅಭ್ಯಾಸಕ್ಕೆ ಒಳ್ಳೆ ಪಾಠ.

ಹಳದಿಮಣ್ಣು:
ಕೊನೆಯದೊಂದು. ನೆಟ್‌ನಲ್ಲಿ ‘ಸನ್ಯಾಸಿ’ಯ ಫೋಟೊಗಳು ಒಂದು ಹಳದಿ-ಹಸಿರು, ಒಂದು ನೀಲಿ. ಯಾವುದನ್ನು ಎದುರಿಗಿಟ್ಟುಕೊಳ್ಳಬೇಕು?

ತೆಳುಪದರ:
ನೀಲಿಯದ್ದು. ಬರ್ಲಿನ್‌ನಲ್ಲಿ 2013ರಿಂದ 2016ರವರೆಗೆ ಈ ಜೋಡಿಯ ಎರಡೂ ಚಿತ್ರಗಳ ಸಂರಕ್ಷಣೆ ಕೆಲಸ ನಡೆಯಿತು. ಹಳದಿಗಟ್ಟಿದ ಹಳೆ ವಾರ್ನಿಶ್, ನಂತರದವರು ಮೇಲೆ ಹಚ್ಚಿದ ಬಣ್ಣ ತೆಗೆದ ಮೇಲೆ ಆಕಾಶದ ನೀಲಿ ಹೊರಬಂತು, ಮೋಡಗಳ ಮೆಟ್ಟಿಲು ಸ್ಪಷ್ಟವಾಯಿತು. ಅದಕ್ಕಿಂತ ಹಳೆಯ ಫೋಟೊ ನೋಡಿ ಕೆಲಸ ಮಾಡಿದರೆ ನೀವು ಫ್ರೀಡ್ರಿಶ್‌ನ ಪ್ರತಿ ಮಾಡೋದಿಲ್ಲ, ವಾರ್ನಿಶ್‌ನ ಪ್ರತಿ ಮಾಡ್ತೀರಿ. ಮ್ಯೂಸಿಯಂನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಫೋನಿನಲ್ಲಿ ನೈಟ್ ಮೋಡ್ ಆಫ್ ಮಾಡಿ, ಬ್ರೈಟ್‌ನೆಸ್ ಮಧ್ಯಕ್ಕೆ ಇಡಿ. ಸಾಧ್ಯವಾದರೆ ಮ್ಯಾಟ್ ಕಾಗದದಲ್ಲಿ ಎ3 ಪ್ರಿಂಟ್ ಹಾಕಿಸಿ, ಹಗಲು ಬೆಳಕಲ್ಲಿ ಕ್ಯಾನ್ವಾಸ್ ಪಕ್ಕದಲ್ಲೇ ಕ್ಲಿಪ್ ಮಾಡಿ.

ನಿಮ್ಮ ಪ್ರತಿಗೆ ವಾರ್ನಿಶ್ ಕನಿಷ್ಠ ಆರು ತಿಂಗಳ ನಂತರ. ಅಷ್ಟರಲ್ಲಿ ಎಣ್ಣೆ ಹೀರಿಕೊಂಡು ಮಂಕಾದ ತೇಪೆ ಕಂಡರೆ ರೀಟಚಿಂಗ್ ವಾರ್ನಿಶ್ ತೆಳುವಾಗಿ ಒಂದು ಸಲ, ಆ ಜಾಗಕ್ಕೆ ಮಾತ್ರ. ಮಂಕು ಹೆಚ್ಚಾಗಿ ಬರೋದು ದಿಗಂತದ ಮೇಲಿನ ಕಡು ಪಟ್ಟಿಯಲ್ಲಿ, ಅಲ್ಲಿ ಅಂಬರ್ ಎಣ್ಣೆ ಕುಡಿಯುತ್ತೆ.